ನನ್ನ ರಕ್ತಕ್ಕೆ ಬಂದ ಸಂಬಂಧ

ಲಾಂಡ್ರಿಯಲ್ಲಿ ನನ್ನ ಕೆಲಸ ಕಲೆ ತೆಗೆಯುವುದು. ಯಂತ್ರಕ್ಕೆ ಹೋಗುವ ಮೊದಲು ಪ್ರತಿ ಬಟ್ಟೆಯೂ ನನ್ನ ಮೇಜಿನ ಮೇಲೆ ಬರಬೇಕು. ಜೇಬು ತಡಕಬೇಕು, ಕಾಲರ್ ತಿರುವಿ ನೋಡಬೇಕು, ಇದು ಎಣ್ಣೆಯೋ ಶಾಯಿಯೋ ರಕ್ತವೋ ಎಂದು ಕಂಡುಕೊಂಡು ಅದಕ್ಕೆ ತಕ್ಕ ಮದ್ದು ಹಾಕಬೇಕು. ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಬಿತ್ತೋ, ಬಟ್ಟೆ ಹರಿದುಹೋದರೂ ಕಲೆ ಹೋಗುವುದಿಲ್ಲ. ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ, ಆದರೂ ಬಿಸಿನೀರೇ ಸುರಿಯುತ್ತಾರೆ. ರಕ್ತ ಕಂಡರೆ ಜನಕ್ಕೆ ಗಾಬರಿ. ಗಾಬರಿಯಲ್ಲಿ ಯಾರ ಮಾತೂ ತಲೆಗೆ ಹೋಗುವುದಿಲ್ಲ.

ನನ್ನ ಗಂಡನಿಗೆ ಎಚ್‌ಐವಿ ಇದೆ. ನನಗಿಲ್ಲ. ಎಲ್ಲ ರಾಮಾಯಣಕ್ಕೂ ಇಷ್ಟೇ ಬುಡ.

ಗಂಡ ನೆಲಕ್ಕೆ ಟೈಲ್ಸ್ ಕೂರಿಸುವವನು. ಎದುರಿಗೆ ನಾನು ಅವನನ್ನು 'ರೀ' ಎಂದೇ ಕರೆಯುತ್ತೇನೆ, ಮನಸ್ಸಿನಲ್ಲಿ ಮಾತ್ರ 'ಅವನು'. ಹಾಗನ್ನುವ ಹಕ್ಕನ್ನು ಅವನೇ ನನಗೆ ಕೊಟ್ಟದ್ದು. ಬೇರೆ ಊರಲ್ಲಿ ಒಂದು ದೊಡ್ಡ ಹೋಟೆಲಿನ ಕೆಲಸ ಹಿಡಿದು ತಿಂಗಳುಗಟ್ಟಲೆ ಅಲ್ಲೇ ಇದ್ದ. ಅಲ್ಲಿ ಏನಾಯಿತು ಎನ್ನುವುದನ್ನು ಸುಮಾರು ವರ್ಷಗಳ ನಂತರ, ಸೊಂಟದ ಸುತ್ತ ಸರ್ಪಸುತ್ತು ಎದ್ದು, ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡಿಸಿದ ಮೇಲೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ. ನನ್ನ ಕೈಯಲ್ಲಿ ಸೌಟಿತ್ತು. ಎಸೆದೆ. ಅವನೇ ಕೂರಿಸಿದ ಟೈಲ್ಸಿನ ಮೂಲೆ ಒಡೆಯಿತು, ಅವನಿಗೆ ತಾಗಲಿಲ್ಲ. ಆ ಒಡಕನ್ನು ಅವನು ಇವತ್ತಿಗೂ ಸರಿಮಾಡಿಲ್ಲ, ನಾನೂ ಸರಿಮಾಡಿ ಎಂದಿಲ್ಲ.

ಬಿಟ್ಟು ಯಾಕೆ ಹೋಗಲಿಲ್ಲ ಎಂದು ಕೇಳುವವರಿದ್ದಾರೆ. ಹೋಗಲಿಲ್ಲ, ಅಷ್ಟೇ. ಜ್ವರದಲ್ಲಿ ಬಿದ್ದವನನ್ನು ಬೈಯುವುದು ಹೇಗೆ, ಎದ್ದು ಕೂರಲಿ ಬೈಯೋಣ ಎಂದು ಕಾದೆ. ಅವನು ಎದ್ದು ಕೂರುವಷ್ಟರಲ್ಲಿ ನನ್ನ ಸಿಟ್ಟು ಮನೆಯ ಒಂದು ಸಾಮಾನಿನ ಹಾಗೆ ಮೂಲೆ ಹಿಡಿದಿತ್ತು.

ನನಗೂ ಪರೀಕ್ಷೆ ಮಾಡಿದರು. ಏನೂ ಇಲ್ಲ. ಮತ್ತೆ ಮಾಡಿದರು, ಮತ್ತೂ ಮಾಡಿದರು. ಏನೂ ಇಲ್ಲ. ರೋಗವಿದೆ ಎಂದು ಇಬ್ಬರಿಗೂ ಗೊತ್ತಿಲ್ಲದ ಅಷ್ಟು ವರ್ಷ ಗಂಡಹೆಂಡಿರ ಹಾಗೆಯೇ ಬಾಳಿದ್ದೆವು, ಮಗು ಬೇಕೆಂದು ಹಂಬಲಿಸಿದ್ದೆವು. ಮಗುವೂ ಬರಲಿಲ್ಲ, ರೋಗವೂ ಬರಲಿಲ್ಲ.

ಸಂತೋಷಪಡಬೇಕಾದ ಸುದ್ದಿ ತಾನೇ? ನಮ್ಮತ್ತೆ ಕೇಳಿಸಿಕೊಂಡ ಬಗೆಯೇ ಬೇರೆ.

"ನನ್ನ ಮಗನಿಗೆ ಇರೋದು ಇವಳಿಗೆ ಅಂಟಿಲ್ಲ ಅಂದ್ರೆ ಏನರ್ಥ? ಇವಳು ಅವನನ್ನ ಹತ್ತಿರ ಸೇರಿಸಿಯೇ ಇಲ್ಲ. ಮನೇಲಿ ಊಟ ಸಿಕ್ಕಿದ್ರೆ ಯಾವನಾದ್ರೂ ಹೊರಗೆ ತಿನ್ನೋಕೆ ಹೋಗ್ತಾನಾ?"

ಇದನ್ನು ನನ್ನ ಮುಂದೆ ಹೇಳಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನಮ್ಮದು ನಾಲ್ಕು ಮಹಡಿಯ ಕಟ್ಟಡ. ಮೆಟ್ಟಿಲ ಮೇಲೆ ನಿಂತು ಪ್ರತಿ ಮಹಡಿಯವರಿಗೂ ಹೇಳಿದರು. ನೀರು ತುಂಬಲು ಹೋದರೆ ಹೆಂಗಸರು ಮಾತು ನಿಲ್ಲಿಸಿ ನನ್ನ ಸೊಂಟ ನೋಡುತ್ತಿದ್ದರು. ರೋಗ ಬಂದಿದ್ದರೆ ಅದನ್ನು ತಂದವಳೇ ನಾನು ಎನ್ನುತ್ತಿದ್ದರು. ಬರಲಿಲ್ಲ, ಹಾಗಾಗಿ ಹೆಂಡತಿಯೇ ಅಲ್ಲ ಎಂದರು. ಯಾವ ಕಡೆ ತಿರುಗಿದರೂ ಏಟು ತಿನ್ನುವ ಕೆನ್ನೆ ನನ್ನದೇ.

ಇದಕ್ಕೆ ಕೊನೆ ಹಾಡಿದವರು ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ. ಉದ್ದ ಓಣಿಯ ತುದಿಯಲ್ಲಿ, ಸ್ಟೋರ್‌ರೂಮಿನ ಪಕ್ಕ ಅವರ ಕೋಣೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಬಾರದ ಜೋಡಿಗಳ ರಕ್ತ ತೆಗೆದು, ಯಾಕೆ ಬರಲಿಲ್ಲ ಎಂದು ಹುಡುಕುವುದು ಅವರ ಕೆಲಸ. ಬಾಗಿಲು ಹಾಕಿಕೊಂಡು ನನ್ನೊಬ್ಬಳನ್ನೇ ಕೂರಿಸಿ ಪ್ರಶ್ನೆ ಕೇಳಿದರು. ನನ್ನ ತಾಯಿಯೂ ಕೇಳದ ಪ್ರಶ್ನೆಗಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಖ ಸಿಂಡರಿಸದೆ ಬರೆದುಕೊಂಡರು.

ಗಂಡ ಅವತ್ತು ಬೇಕೆಂದೇ ಅವನ ಅಮ್ಮನನ್ನೂ ಕರೆತಂದಿದ್ದ. "ಇವರಿಗೊಂದು ಸ್ವಲ್ಪ ಬಿಡಿಸಿ ಹೇಳಿ ಡಾಕ್ಟ್ರೇ" ಎಂದ.

ಡಾಕ್ಟರಮ್ಮ ಹೇಳಿದರು: "ನೋಡಿ ಅಮ್ಮ, ಈ ವೈರಸ್ ಒಳಗೆ ಹೋಗೋಕೆ ನಮ್ಮ ರಕ್ತದ ಕಣದ ಮೇಲೆ ಒಂದು ಹಿಡಿ ಬೇಕು, ಬಾಗಿಲಿಗೆ ಇರುತ್ತಲ್ಲ, ಹಾಗೆ. ಕೆಲವೇ ಕೆಲವರಿಗೆ ಹುಟ್ಟಿದಾಗಲೇ ಆ ಹಿಡಿ ಇರೋದಿಲ್ಲ. ಅಪ್ಪನಿಂದಲೂ ಅಮ್ಮನಿಂದಲೂ, ಎರಡೂ ಕಡೆಯಿಂದ ಬಂದಿರಬೇಕು, ಆಗ ಮಾತ್ರ. ಇನ್ನು ಕೆಲವರ ಮೈ ವೈರಸ್ಸನ್ನ ಬೇಗ ಗುರುತು ಹಿಡಿದು ಹೊಡೆದುಹಾಕುತ್ತೆ. ಒಂದೊಂದ್ಸಲ ಗಂಡನ ರಕ್ತದಲ್ಲೇ ವೈರಸ್ ಕಡಿಮೆ ಇದ್ದಿರುತ್ತೆ. ಬರೀ ಅದೃಷ್ಟವೂ ಇರಬಹುದು. ನಿಮ್ಮ ಸೊಸೇದು ಇದರಲ್ಲಿ ಯಾವುದು ಅಂತ ನಾನು ಹೇಳೋಕಾಗಲ್ಲ. ನಾವು ಎಲ್ಲರ ರಕ್ತ ಒಟ್ಟಿಗೆ ನೋಡ್ತೀವಿ, ಒಬ್ಬೊಬ್ಬರದು ಹೇಳೋ ಹಾಗಿಲ್ಲ. ಆದ್ರೆ ಒಟ್ಟಿಗೆ ಬಾಳಿಯೂ ಬಾರದೇ ಇರೋದು ಉಂಟು. ಇದು ಸುಳ್ಳಲ್ಲ."

ಅತ್ತೆ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತರು. ಅವತ್ತಿನಿಂದ ಅವರ ಬಾಯಿಗೆ ಬೀಗ ಬಿತ್ತು. ಡಾಕ್ಟರಮ್ಮನ ಆ ಕೊನೆಯ ಮಾತನ್ನು ನಾನು ಚಿನ್ನದ ಹಾಗೆ ಇಟ್ಟುಕೊಂಡೆ. ನನ್ನ ಬಾಳಿಗೆ ಇದ್ದ ಸಾಕ್ಷಿ ಅದೊಂದೇ.

ಗಂಡನಂತೂ ಕುಣಿದಾಡಿದ. ನನ್ನನ್ನು ಕೊಲ್ಲಲಿಲ್ಲ ಎನ್ನುವ ನೆಮ್ಮದಿ ಅವನಿಗೆ. ಆ ನೆಮ್ಮದಿಯಲ್ಲಿ ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಸ್ಸಿನಲ್ಲೇ ಬಿಟ್ಟುಬಂದ. "ನಮ್ಮನೆಯವಳ ರಕ್ತ ಅಂದ್ರೆ ಸುಮ್ನೆ ಅಲ್ಲಪ್ಪ, ಅದಕ್ಕೆ ಹಿಡೀನೇ ಇಲ್ಲ" ಎಂದು ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಂಡ. ಮಾತ್ರೆಯನ್ನು ಮಾತ್ರ ಬಿಡದೆ ನುಂಗುತ್ತಾನೆ, ಆ ಒಂದು ಬುದ್ಧಿ ಇದೆ. ಈಗ ಅವನ ರಕ್ತದಲ್ಲಿ ಹುಡುಕಿದರೂ ವೈರಸ್ ಕಾಣುವುದಿಲ್ಲ, ಹೀಗೆ ಇರುವ ತನಕ ಯಾರಿಗೂ ದಾಟುವುದಿಲ್ಲ ಎಂದು ಆಸ್ಪತ್ರೆಯವರೇ ಹೇಳಿದ್ದಾರೆ.

ಆ ಮಾತ್ರೆಯ ಬಣ್ಣ, ಆಕಾರ, ಮೇಲಿನ ಗೆರೆ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅದಕ್ಕೇ ಆವತ್ತು ಮೇಜಿನ ಮುಂದೆ ನಿಂತವಳಿಗೆ ನೋಡಿದೊಡನೆ ಗುರುತು ಸಿಕ್ಕಿತು.

ನಮ್ಮ ಲಾಂಡ್ರಿ ಮಾಲೀಕರ ಮನೆಯ ಬಟ್ಟೆಯೂ ನನ್ನ ಮೇಜಿಗೇ ಬರುತ್ತದೆ. ಅವರಿಗೆ ಒಬ್ಬನೇ ಮಗ, ಕೌಂಟರಿನಲ್ಲಿ ಕೂರುತ್ತಾನೆ. ಅಂಗಿಯಲ್ಲಿ ಒಂದು ಸುಕ್ಕು ಕಂಡರೂ ಬದಲಾಯಿಸುವವನು, ಅದಕ್ಕೆ ನಾವೆಲ್ಲ ಅವನಿಗೆ ಗರಿಗರಿ ಎಂದು ಹೆಸರಿಟ್ಟಿದ್ದೇವೆ. ಅವನ ಪ್ಯಾಂಟಿನ ಜೇಬಲ್ಲಿ ಟಿಶ್ಯೂ ಕಾಗದದ ಉಂಡೆಯೊಂದು ಸಿಕ್ಕಿತು. ಬಿಡಿಸಿದರೆ ಅದೇ ಮಾತ್ರೆಗಳು, ಒಂದೂ ನುಂಗದ್ದು. ಮುಂದಿನ ವಾರ ಇನ್ನೊಂದು ಪ್ಯಾಂಟಿನಲ್ಲೂ ಇದ್ದವು. ಅವನ ಅಮ್ಮ ಕೈಗೆ ಕೊಟ್ಟಾಗ ಬಾಯಿಗೆ ಹಾಕಿದ ಹಾಗೆ ಮಾಡಿ ಜೇಬಿಗಿಳಿಸುತ್ತಿದ್ದ ಎಂದು ಕಾಣುತ್ತದೆ. ಪಾಪ ಎನಿಸಿತು, ಸಿಟ್ಟೂ ಬಂತು. ಮಡಚಿ ಕಸಕ್ಕೆ ಹಾಕಿದೆ, ಯಾರಿಗೂ ಹೇಳಲಿಲ್ಲ. ಜೇಬಲ್ಲಿ ಸಿಕ್ಕಿದ್ದನ್ನು ಊರಿಗೆ ಹೇಳುವವಳಾದರೆ ಈ ಮೇಜಿನ ಮುಂದೆ ಒಂದು ದಿನ ನಿಲ್ಲುವುದಕ್ಕೂ ನಾನು ಲಾಯಕ್ಕಲ್ಲ.

ಆದರೆ ನನ್ನ ಗಂಡನಿಗೆ ಅಂಥ ನಿಯಮವೇನೂ ಇಲ್ಲವಲ್ಲ. ಆಸ್ಪತ್ರೆಯ ಮಾತ್ರೆ ಸಾಲಿನಲ್ಲಿ ಅವನ ಹಿಂದೆ ಮುಖದ ತುಂಬ ಶಾಲು ಸುತ್ತಿಕೊಂಡು ನಿಂತಿದ್ದವರು ನಮ್ಮ ಯಜಮಾನಿ, ಮಾಲೀಕರ ಹೆಂಡತಿ. ಮಗನ ಮಾತ್ರೆಗೆ ಬಂದಿದ್ದರು. ಯಾರೆಂದು ಇವನಿಗೆ ಗೊತ್ತಾಗಲಿಲ್ಲ. ಪಕ್ಕದವನ ಜೊತೆ ಹಿಡಿ ಇಲ್ಲದ ರಕ್ತದ ಕಥೆ ಶುರುಮಾಡಿದ. ಹೆಂಡತಿ ಯಾವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ ಎನ್ನುವುದನ್ನೂ ಹೇಳಿದ.

ಒಂದು ವಾರ ಕಳೆದಿರಲಿಲ್ಲ, ಯಜಮಾನಿ ನನ್ನ ಮೇಜಿನ ಹತ್ತಿರ ಬಂದರು. ಅವರು ಆ ಕಡೆ ಬರುವವರೇ ಅಲ್ಲ, ಮದ್ದಿನ ವಾಸನೆಗೆ ತಲೆನೋವು ಬರುತ್ತದಂತೆ. "ನಿನಗೊಬ್ಬಳು ತಂಗಿ ಇದಾಳಂತಲ್ಲಮ್ಮ?" ಎಂದರು.

ನನ್ನ ತಂಗಿಯನ್ನು ನಾವು ಕರೆಯುವುದು ಗುಬ್ಬಿ ಎಂದು. ಚಿಕ್ಕವಳಿದ್ದಾಗ ಅಂಗೈಯಗಲ ಇದ್ದಳು, ಆಮೇಲೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಬೆಳೆದಳು. ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರಿ ಕೂರಬೇಕು. ನೋಡಲು ಬಂದವರೆಲ್ಲ ಎತ್ತರ ಜಾಸ್ತಿ, ವಯಸ್ಸು ಜಾಸ್ತಿ, ಭಾವನಿಗೆ ಅದೇನೋ ಇದೆಯಂತೆ ಎಂದು ಎದ್ದು ಹೋದರು. ಆ ಕೊನೆಯ ಕಾರಣ ನಮ್ಮನೆಯದೇ ಕೊಡುಗೆ.

ಗುಬ್ಬಿಯನ್ನು ಗರಿಗರಿಗೆ ಕೇಳಿದ್ದಾರೆ ಎನ್ನುವ ಸುದ್ದಿ ಮುಟ್ಟಿದಾಗ ಅಮ್ಮ ಹಿಗ್ಗಿ ಹೀರೇಕಾಯಿ ಆದಳು. ಯಜಮಾನಿ ಏನನ್ನೂ ಮುಚ್ಚಿಡಲಿಲ್ಲ, ಮಗನಿಗೆ ಇರುವುದನ್ನು ಹೇಳಿಯೇ ಕೇಳಿದ್ದರು. ಮುಚ್ಚಿಟ್ಟಿದ್ದರೆ ಜಗಳವಾಡುವುದು ನನಗೆ ಸುಲಭವಾಗುತ್ತಿತ್ತು.

"ಎಂಥಾ ಮನೆ, ಸ್ವಂತ ಅಂಗಡಿ" ಎಂದಳು ಅಮ್ಮ. "ನಿನಗೇನೂ ಆಗಲಿಲ್ಲ ತಾನೇ? ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದೋರು. ನಿನ್ನ ರಕ್ತ ಬೇರೆ, ಅವಳ ರಕ್ತ ಬೇರೆನಾ?"

"ಬೇರೆ ಆಗಿರಬಹುದಮ್ಮ. ನನ್ನದೇ ಏನು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪನ ಕಡೆಯಿಂದ ಒಂದು, ನಿನ್ನ ಕಡೆಯಿಂದ ಒಂದು, ಎರಡೂ ಸೇರಿ ಬರಬೇಕಂತೆ. ಅವಳು ಅಪ್ಪನ ಹಾಗೆ ಎತ್ತರ, ನಾನು ನಿನ್ನ ಹಾಗೆ ಕುಳ್ಳಿ. ಎತ್ತರವೇ ಒಂದೇ ಥರ ಬರಲಿಲ್ಲ, ಇದು ಬರುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀಯ?"

ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಬ್ಬಿ ಗೋಡೆಗೆ ಒರಗಿ ಮಂಡಿ ತಿಕ್ಕಿಕೊಳ್ಳುತ್ತಿದ್ದಳು. "ನಾನು ಒಪ್ಪಿದೀನಿ ಅಕ್ಕ" ಎಂದಳು. "ನೀನು ಬಾಳ್ತಿಲ್ವಾ? ನಾನೂ ಬಾಳ್ತೀನಿ."

ಯಜಮಾನಿಯ ಹತ್ತಿರ ಹೋದೆ. ಕೆಲಸ ಹೋದರೆ ಹೋಗಲಿ ಎಂದೇ ಹೋದೆ. "ಅಮ್ಮಾವ್ರೇ, ಈ ರೋಗ ಇರೋರನ್ನ ಮದುವೆ ಆಗಬಾರದು ಅಂತ ಹೇಳೋಕೆ ನಾನು ಯಾರು? ನಾನೇ ಅಂಥವರ ಜೊತೆ ಇದೀನಿ. ನಿಮ್ಮ ಮಗ ಮಾತ್ರೆ ನುಂಗ್ತಿಲ್ಲ, ನನಗೆ ಗೊತ್ತು. ಸರಿಯಾಗಿ ನುಂಗಲಿ, ವೈರಸ್ ಕಾಣದ ಹಾಗಾಗಲಿ, ಡಾಕ್ಟ್ರು ಸರಿ ಅನ್ನಲಿ. ಆಮೇಲೆ ನಾನೇ ಮುಂದೆ ನಿಂತು ಮದುವೆ ಮಾಡಿಸ್ತೀನಿ."

ಜೇಬಿನ ವಿಷಯ ಬಾಯಿಬಿಡುವವಳಲ್ಲ ನಾನು. ತಂಗಿಯ ಜೀವದ ಮುಂದೆ ಆ ನಿಯಮವನ್ನೂ ಮುರಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅವನಿಗೆ ಮಾತ್ರೆ ಆಗಿಬರಲ್ಲ, ವಾಂತಿ ಬರುತ್ತೆ. ಮನೆ ಕೆಲಸದವರ ಕಣ್ಣಿಗೆ ಬಿದ್ದರೆ ಅದೊಂದು ಕಾಟ. ಆ ಸಾಲಲ್ಲಿ ನಿಂತು ನಿಂತು ನನಗೂ ಸಾಕಾಗಿದೆ. ನಿಮ್ಮ ಮನೆ ಹುಡುಗಿಗೆ ರಕ್ತದಲ್ಲೇ ಕಾವಲಿರೋವಾಗ ಮಾತ್ರೆ ಯಾಕೆ? ನನಗೆ ಬೇಗ ಒಂದು ಮೊಮ್ಮಗು ಬೇಕು, ಅಷ್ಟೇ."

ಅಂದರೆ ಮಗ ನುಂಗಬೇಕಾದ ಮಾತ್ರೆಗೆ ಬದಲು ನನ್ನ ತಂಗಿ.

ಅಮ್ಮನನ್ನೂ ಗುಬ್ಬಿಯನ್ನೂ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅವರು ಪಾಪ, ಮತ್ತೆ ಮೊದಲಿಂದ ಹೇಳಿದರು. ಅಂಥ ಕಾವಲು ಅಕ್ಕನಿಗೆ ಇದ್ದರೂ ತಂಗಿಗೆ ಇಲ್ಲದಿರಬಹುದು. ಇದ್ದರೂ ಅದು ಎಲ್ಲ ಬಗೆಯ ವೈರಸ್ಸನ್ನೂ ತಡೆಯುತ್ತದೆ ಎನ್ನುವಂತಿಲ್ಲ. ಮಾತ್ರೆಗೆ ವಾಂತಿಯಾದರೆ ಬೇರೆ ಮಾತ್ರೆಗಳಿವೆ, ಹುಡುಗನನ್ನು ಕರೆದುಕೊಂಡು ಬನ್ನಿ. ಎಲ್ಲಕ್ಕೂ ಅಮ್ಮ ತಲೆಯಾಡಿಸಿದಳು. ಹೊರಗೆ ಬಂದವಳೇ, "ಇರಬಹುದು ಅಂದ್ರಲ್ಲ, ಇರುತ್ತೆ ಬಿಡು" ಎಂದಳು. "ಡಾಕ್ಟ್ರುಗಳು ತಮ್ಮ ತಲೆ ಮೇಲೆ ಬರದ ಹಾಗೆ ಹಾಗೇ ಮಾತಾಡೋದು."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಷ್ಟು ವರ್ಷ ನನ್ನನ್ನು ಕಾಪಾಡಿದ ಮಾತೇ ಈಗ ನನ್ನ ತಂಗಿಯನ್ನು ಬಾವಿಗೆ ತಳ್ಳಲು ನಿಂತಿತ್ತು.

ಮಾತುಕತೆಗೆ ಭಾನುವಾರ ಮಧ್ಯಾಹ್ನ ಎಂದು ಗೊತ್ತುಮಾಡಿದರು. ಜಾಗ ಲಾಂಡ್ರಿಯ ಮೇಲಿನ ಕೋಣೆ. ಕೆಳಗೆ ಯಂತ್ರಗಳೆಲ್ಲ ನಿಂತಿದ್ದರೂ ನೆಲ ಬೆಚ್ಚಗೇ ಇತ್ತು. ಒಂದು ಕಡೆ ಮಾಲೀಕರು, ಯಜಮಾನಿ, ಹೊಸ ಅಂಗಿಯಲ್ಲಿ ಗರಿಗರಿ. ಇನ್ನೊಂದು ಕಡೆ ಅಮ್ಮ, ಗುಬ್ಬಿ, ನಾನು, ನನ್ನ ಗಂಡ. ಅತ್ತೆಯೂ ಬಂದಿದ್ದರು, ಸೊಸೆಯ ರಕ್ತಕ್ಕೆ ಬಂದ ಮರ್ಯಾದೆಯಲ್ಲಿ ತಮಗೂ ಪಾಲಿದೆ ಎನ್ನುವ ಹಾಗೆ ನೆಟ್ಟಗೆ ಕೂತಿದ್ದರು. ಬಿಸ್ಕತ್ತು, ಚಹಾ ಬಂತು. ಗುಬ್ಬಿಗೆ ಕೂರಲು ಕುರ್ಚಿ ಕೊಟ್ಟರು. ಅವಳು ಅದರ ಕೈಗಳನ್ನು ಎರಡೂ ಕಡೆ ಹಿಡಿದು ಕೂತಳು. ದಿನವಿಡೀ ಮಂಡಿಯೂರುವವಳಿಗೆ ಕುರ್ಚಿಯ ಆಸೆ ಇದ್ದರೆ ತಪ್ಪೇನು?

ಗರಿಗರಿ ತಲೆ ಎತ್ತಲಿಲ್ಲ. ಇದೆಲ್ಲ ಬೇಗ ಮುಗಿದರೆ ಸಾಕು ಎನ್ನುವ ಹಾಗೆ ತನ್ನ ಬೂಟು ನೋಡುತ್ತಿದ್ದ.

ಮಾಲೀಕರು ಗಂಟಲು ಸರಿಮಾಡಿಕೊಂಡು, "ನೀವೆಲ್ಲ ಇಷ್ಟು ದೊಡ್ಡ ಮನಸ್ಸು ಮಾಡಿದೀರಿ" ಎಂದು ಶುರುಮಾಡಿದರು. ಯಜಮಾನಿ ನಡುವೆ ಬಾಯಿ ಹಾಕಿ ನನ್ನ ಕಡೆ ಕೈ ತೋರಿಸಿದರು. "ಇವಳೇ ಸಾಕ್ಷಿ. ಅಷ್ಟು ವರ್ಷ ಗಂಡನ ಜೊತೆ ಬಾಳಿ ಕೂದಲೂ ಕೊಂಕಿಲ್ಲ. ಇನ್ನೇನು ಬೇಕು?"

ನಿಜ ಹೇಳಿ ನೋಡಿದ್ದೆ. ಡಾಕ್ಟರ ಬಾಯಲ್ಲೂ ಹೇಳಿಸಿದ್ದೆ. ನಿಜ ಯಾರಿಗೂ ಬೇಕಾಗಿರಲಿಲ್ಲ. ಅವರ ಕೋಟೆಯೆಲ್ಲ ನಿಂತಿದ್ದದ್ದು ಒಂದೇ ಕಂಬದ ಮೇಲೆ, ನಾನು ಗಂಡನ ಜೊತೆ ಬಾಳಿದ್ದೆ ಎನ್ನುವುದರ ಮೇಲೆ. ಆ ಕಂಬ ನನ್ನದು, ಬೀಳಿಸುವ ಕೈಯೂ ನನ್ನದೇ ಆಗಬೇಕಿತ್ತು.

"ಬಾಳಿಲ್ಲ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನು ಇವರ ಜೊತೆ ಯಾವತ್ತೂ ಮಲಗಿಲ್ಲ. ಮದುವೆಯಾದ ಹೊಸದರಿಂದಲೇ ಇಲ್ಲ. ನನಗೆ ಇಷ್ಟ ಇರಲಿಲ್ಲ, ಹತ್ತಿರ ಸೇರಿಸಲಿಲ್ಲ. ಆಸ್ಪತ್ರೇಲಿ ಸುಳ್ಳು ಹೇಳಿದೆ. ಮಗು ಆಗದೇ ಇದ್ದದ್ದೂ ಅದಕ್ಕೇ, ರೋಗ ಬರದೇ ಇದ್ದದ್ದೂ ಅದಕ್ಕೇ. ನನ್ನ ರಕ್ತದಲ್ಲಿ ಏನೂ ಇಲ್ಲ, ಎಲ್ಲರ ಹಾಗೇ ಇದೆ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಜಮಾನಿ ನನ್ನ ಗಂಡನ ಕಡೆ ನೋಡಿದರು. "ಏನಪ್ಪ, ನಿಜಾನಾ ಇದು?"

ಅವನು ನನ್ನನ್ನು ನೋಡಿದ. ಊರೆಲ್ಲ ಕೊಚ್ಚಿಕೊಂಡು ತಿರುಗಿದ ಬಾಯಿ ತೆರೆದುಕೊಂಡೇ ಇತ್ತು. ಅವನಿಗೂ ಇದು ಸುಲಭದ ಮಾತಲ್ಲ, ಹೆಂಡತಿ ಹತ್ತಿರ ಸೇರಿಸದ ಗಂಡ ಎನ್ನಿಸಿಕೊಳ್ಳಬೇಕು. ಲಾಭವೂ ಇತ್ತು, ಇಷ್ಟು ದಿನ ತಲೆಯ ಮೇಲಿದ್ದ ತಪ್ಪು ಒಂದೇ ಏಟಿಗೆ ನನ್ನ ಮೈಮೇಲೆ ಬರುತ್ತಿತ್ತು. ಆ ಲಾಭ ಅವನಿಗೂ ಗೊತ್ತಾಯಿತು, ಗೊತ್ತಾದ್ದರಿಂದಲೇ ಅವನ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ತಲೆಯಾಡಿಸಿದ.

"ಹೌದು ಅಮ್ಮಾವ್ರೇ. ಅವಳು ಹೇಳಿದ್ದು ನಿಜ."

ಆ ಕಣ್ಣೀರನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಮಾಲೀಕರು ಕಪ್ಪನ್ನು ಕೆಳಗಿಟ್ಟರು. ಯಜಮಾನಿ ನನ್ನನ್ನು ಕಾಲ ಬೆರಳಿನಿಂದ ತಲೆಯವರೆಗೆ ನೋಡಿ, "ಇಂಥವಳ ಮನೇಲಿ ಹೆಣ್ಣು ಕೇಳೋಕೆ ಹೋದೆನಲ್ಲ" ಎಂದು ಎದ್ದರು. ಗರಿಗರಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ತನ್ನ ಅಮ್ಮನ ಹಿಂದೆ ಒಳಗೆ ಹೋದ.

ಅತ್ತೆಯ ಬಾಯಿಯ ಬೀಗ ಮೆಟ್ಟಿಲಲ್ಲೇ ಕಳಚಿತು. "ಆವತ್ತೇ ಹೇಳಿದೆ. ಯಾರು ಕೇಳಿದ್ರು ನನ್ನ ಮಾತು? ಡಾಕ್ಟ್ರಂತೆ, ಹಿಡಿಯಂತೆ. ಇಷ್ಟು ವರ್ಷ ನನ್ನನ್ನೇ ಬಾಯಿ ಮುಚ್ಚಿಸಿ ಕೂರಿಸಿದಳು." ಗಂಡ ಅವರ ತೋಳು ಹಿಡಿದು "ಸಾಕು ನಡಿಯಮ್ಮ" ಎಂದ. ಅವರು ನಡೆಯಲಿಲ್ಲ. ನಮ್ಮ ಕಟ್ಟಡದ ನಾಲ್ಕು ಮಹಡಿಗೂ ಸಾಲುವಷ್ಟು ಸಾಮಾನು ಅವರಿಗೆ ಸಿಕ್ಕಿತ್ತು.

ಅಮ್ಮ ನನ್ನನ್ನು ಮುಟ್ಟದೆ ಪಕ್ಕದಿಂದ ಇಳಿದು ಹೋದಳು. ನಾನು ಕೆಳಗೆ ನನ್ನ ಮೇಜಿನ ಹತ್ತಿರ ನಿಂತೆ. ಗುಬ್ಬಿ ಬಂದಳು. ಅವಳ ಮುಖ ಕೆಂಪಾಗಿತ್ತು. ಕುರ್ಚಿ ಹೋದ ಸಿಟ್ಟೋ, ಅವಮಾನವೋ, ಬಚಾವಾದ ಸಮಾಧಾನವೋ ನನಗೆ ಗೊತ್ತಾಗಲಿಲ್ಲ. ಸ್ವಲ್ಪ ದೂರದಲ್ಲಿ, ಯಂತ್ರದ ಪಕ್ಕ, ನನ್ನ ಗಂಡ ನಿಂತಿದ್ದ.

"ಒಂದು ಕೇಳ್ತೀನಿ ಅಕ್ಕ" ಎಂದಳು. "ಇಷ್ಟು ವರ್ಷ ನಾನು ಭಾವನನ್ನ ಮನಸ್ಸಲ್ಲೇ ಬೈತಾ ಇದ್ದೆ. ನಿನ್ನಂಥವಳಿಗೆ ಹೀಗೆ ಮಾಡಿದ್ರಲ್ಲ ಅಂತ ಅವರ ಮುಖ ನೋಡಿ ಮಾತಾಡ್ತಿರಲಿಲ್ಲ. ಹಾಗಾದ್ರೆ ಅವರು ಹೊರಗೆ ಹೋಗಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಅಲ್ವಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಅವಳು ಅದೇ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾಳೆ. ಯಜಮಾನಿ ಇದ್ದ ಮೇಲಿನ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು, ಚಹಾದ ಕಪ್ಪುಗಳನ್ನು ತೆಗೆಯುವ ಸದ್ದು ಕೇಳುತ್ತಿತ್ತು.

ಗಂಡ ತಲೆ ತಗ್ಗಿಸಿದ.

"ಇರಲಿಲ್ಲ" ಎಂದೆ. "ತಪ್ಪು ನಂದೇ."